ಯಾರು ಎನ್ನುವುದಕ್ಕಿಂತ ಯಾರಾದ ಮೇಲೆ ಯಾರು

ಜೂನ್ ತಿಂಗಳು ಬಂತೆಂದರೆ ಬೆಂಗಳೂರಿನ ಗೆಳೆಯರು ಕಳಿಸುವ ಸಂದೇಶಗಳಿಗೆಲ್ಲ ಒಂದೇ ಧಾಟಿ: ಇಂಥ ಆಟಗಾರ ಸಿಗುವಂತಿದ್ದ, ನಿಮ್ಮವರು ಏಕೆ ಕೈಬಿಟ್ಟರು? ನಾನು ಕೆಲಸ ಮಾಡುವುದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ತಂಡವೊಂದರ ಕಚೇರಿಯಲ್ಲಿ, ಆಟಗಾರರ ಒಪ್ಪಂದ ಮತ್ತು ಸಂಬಳ ಮಿತಿಯ ಲೆಕ್ಕ ನೋಡಿಕೊಳ್ಳುವ ಸಣ್ಣ ವಿಭಾಗದಲ್ಲಿ. ಒಳಗೆ ಏನು ಮಾತುಕತೆ ನಡೆಯಿತು ಎಂಬುದನ್ನು ಬರೆಯುವಂತಿಲ್ಲ. ಆದ್ದರಿಂದ ಇಲ್ಲಿನ ಉದಾಹರಣೆಗಳೆಲ್ಲ ಬೇರೆ ತಂಡಗಳವು, ಪತ್ರಿಕೆಗಳಲ್ಲಿ ಬಂದು ಹೋದವು.

ಗೆಳೆಯರ ಮನಸ್ಸಿನಲ್ಲಿರುವುದು ಐಪಿಎಲ್ ಹರಾಜು. ಅಲ್ಲಿ 2025ರ ದೊಡ್ಡ ಹರಾಜಿಗೆ ಪ್ರತಿ ತಂಡದ ಪರ್ಸ್ 120 ಕೋಟಿ ರೂಪಾಯಿ. ಅದು ಖಾಲಿಯಾದರೆ ಕೈ ಕಟ್ಟಿ ಕೂರಬೇಕು. ಎನ್‌ಬಿಎಯ ಸ್ಯಾಲರಿ ಕ್ಯಾಪ್ ಅಷ್ಟು ಸರಳವಲ್ಲ. 2025–26ರ ಮಿತಿ 15.46 ಕೋಟಿ ಡಾಲರ್ ಎಂದು ಕಾಗದದಲ್ಲಿದ್ದರೂ ಬಹುತೇಕ ತಂಡಗಳ ಸಂಬಳದ ಮೊತ್ತ ಅದಕ್ಕಿಂತ ಮೇಲೆಯೇ ಇರುತ್ತದೆ. ಮಿತಿ ದಾಟಲು ನಿಯಮದಲ್ಲೇ ಹಲವು ಕಿಂಡಿಗಳಿವೆ. ಯಾವ ಕಿಂಡಿ ಯಾವಾಗ ತೆರೆದಿರುತ್ತದೆ, ಒಂದರಲ್ಲಿ ನುಸುಳಿದರೆ ಇನ್ನಾವುದು ಮುಚ್ಚುತ್ತದೆ ಎಂದು ನೋಡುವುದೇ ನನ್ನ ಉದ್ಯೋಗ. ಆಟಗಾರರು ಅವರೇ, ಸಂಬಳವೂ ಅಷ್ಟೇ; ಒಂದು ಕ್ರಮದಲ್ಲಿ ಸಹಿ ಹಾಕಿಸಿದರೆ ಇಬ್ಬರೂ ಸಿಗುತ್ತಾರೆ, ಕ್ರಮ ತಿರುಗಿಸಿದರೆ ಒಬ್ಬನೇ. ಇದನ್ನು ಅರಗಿಸಿಕೊಳ್ಳಲು ನನಗೆ ಕೆಲವು ವರ್ಷಗಳೇ ಬೇಕಾದವು.

2015ರ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡವನ್ನು ನೋಡಿ. ಆ ವರ್ಷದ ಮಿತಿ 7 ಕೋಟಿ ಡಾಲರ್. ಅವರ ತಂಡದ ತರುಣ ಆಟಗಾರ ಕವಾಯ್ ಲೆನರ್ಡ್ ಅವರ ಮೊದಲ ಒಪ್ಪಂದ ಮುಗಿದಿತ್ತು. ಹೊಸ ಒಪ್ಪಂದಕ್ಕೆ ವರ್ಷಕ್ಕೆ ಸುಮಾರು 1.64 ಕೋಟಿಯಿಂದ ಶುರುವಾಗುವ ಗರಿಷ್ಠ ಸಂಬಳ ಕೊಡಲೇಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಸಹಿ ಬೀಳುವ ತನಕ ಲೆಕ್ಕದಲ್ಲಿ ಅವರ ಹೆಸರಿನ ಮುಂದೆ ಇರುತ್ತಿದ್ದುದು ಸುಮಾರು 72 ಲಕ್ಷ ಡಾಲರ್ ಮಾತ್ರ. ಇದನ್ನು ಕ್ಯಾಪ್ ಹೋಲ್ಡ್ ಎನ್ನುತ್ತಾರೆ. ನಮ್ಮ ಬಸ್ ನಿಲ್ದಾಣಗಳಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಅದೇ. ಟವೆಲ್ ಹಿಡಿಯುವ ಜಾಗ ಅಂಗೈಯಗಲ. ಆಮೇಲೆ ಬಂದು ಕೂರುವವರು ಎಷ್ಟು ದಪ್ಪವಿದ್ದರೂ ಯಾರೂ ತಕರಾರು ಮಾಡುವಂತಿಲ್ಲ. ಏಕೆಂದರೆ ತನ್ನದೇ ಹಳೆಯ ಆಟಗಾರನಿಗೆ ಸಹಿ ಹಾಕಿಸಲು ತಂಡ ಮಿತಿಯನ್ನು ದಾಟಬಹುದು. ಹೊರಗಿನಿಂದ ಬರುವ ದೊಡ್ಡ ಆಟಗಾರನಿಗೆ ಮಿತಿಯೊಳಗೇ ಜಾಗ ಬೇಕು.

ಸ್ಪರ್ಸ್ ಮಾಡಿದ್ದು ಇಷ್ಟು: ಲೆನರ್ಡ್ ಅವರನ್ನು ಕಾಯಲು ಕೇಳಿಕೊಂಡರು, ಟಿಯಾಗೊ ಸ್ಪ್ಲಿಟರ್ ಅವರನ್ನು ಅಟ್ಲಾಂಟಾಗೆ ಕಳಿಸಿ ಇನ್ನಷ್ಟು ಜಾಗ ಮಾಡಿಕೊಂಡರು, ಆ ಜಾಗದಲ್ಲಿ ಪೋರ್ಟ್‌ಲ್ಯಾಂಡ್‌ನಿಂದ ಲಮಾರ್ಕಸ್ ಆಲ್ಡ್ರಿಜ್ ಅವರನ್ನು ತಂದರು, ಕೊನೆಗೆ ಲೆನರ್ಡ್ ಅವರಿಗೆ ಐದು ವರ್ಷಗಳ ಒಪ್ಪಂದ ಕೊಟ್ಟರು. ಲೆನರ್ಡ್ ಮೊದಲ ದಿನವೇ ಸಹಿ ಹಾಕಿದ್ದರೆ ಹೋಲ್ಡ್‌ಗೂ ಸಂಬಳಕ್ಕೂ ನಡುವಿನ ತೊಂಬತ್ತು ಲಕ್ಷದಷ್ಟು ಜಾಗ ಆಗಲೇ ತುಂಬಿಹೋಗುತ್ತಿತ್ತು. ಮುಂದಿನ ಋತುವಿನಲ್ಲಿ ತಂಡ 82ರಲ್ಲಿ 67 ಪಂದ್ಯ ಗೆದ್ದಿತು.

ಇಲ್ಲಿ ಲೆಕ್ಕಕ್ಕಿಂತ ಕಷ್ಟದ್ದು ಕಾಯುವಂತೆ ಮಾಡುವುದು. ಇಪ್ಪತ್ತಮೂರರ, ಇಪ್ಪತ್ನಾಲ್ಕರ ಹುಡುಗನಿಗೆ ಮೊಣಕಾಲು ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಅವನ ಏಜೆಂಟ್ ಸಹಿ ಇವತ್ತೇ ಆಗಲಿ ಎನ್ನುತ್ತಾನೆ, ಎನ್ನಬೇಕಾದದ್ದೇ. ಫಿಲಡೆಲ್ಫಿಯಾದ ಟೈರೀಸ್ ಮ್ಯಾಕ್ಸಿ 2023ರ ಶರತ್ಕಾಲದಲ್ಲೇ ಒಪ್ಪಂದ ಮುಂದುವರಿಸಬಹುದಿತ್ತು. ತಂಡದ ಅನುಕೂಲಕ್ಕಾಗಿ ಒಂದು ವರ್ಷ ತಡೆದರು. 2024ರಲ್ಲಿ ಅವರ ಹೋಲ್ಡ್ ಸುಮಾರು 1.3 ಕೋಟಿ, ನಿಜವಾದ ಸಂಬಳ ಸುಮಾರು 3.5 ಕೋಟಿ. ಆ ಅಂತರದ ನೆರವಿನಿಂದಲೇ ಹೊರಗಿನಿಂದ ಬಂದ ಪಾಲ್ ಜಾರ್ಜ್ ಅವರಿಗೆ ನಾಲ್ಕು ವರ್ಷಕ್ಕೆ 21.2 ಕೋಟಿಯ ಒಪ್ಪಂದ ಸಾಧ್ಯವಾಯಿತು. ಆಮೇಲೆ ಮ್ಯಾಕ್ಸಿ ಅವರಿಗೆ ಐದು ವರ್ಷಕ್ಕೆ 20.4 ಕೋಟಿ. ಲೆಕ್ಕದ ದೃಷ್ಟಿಯಿಂದ ಚೊಕ್ಕ ಕೆಲಸ. ಆ ಋತುವಿನಲ್ಲಿ ತಂಡ ಗೆದ್ದದ್ದು 24 ಪಂದ್ಯ, ಸೋತದ್ದು 58. ಗಾಯಗಳ ಮೇಲೆ ಗಾಯ. ನಮ್ಮ ವಿಭಾಗದವರು ಬೀಗುವಾಗಲೆಲ್ಲ ಆಟಗಾರರನ್ನು ಹುಡುಕಿ ಅಳೆಯುವ ಸ್ಕೌಟುಗಳು ಈ ಉದಾಹರಣೆಯನ್ನು ತೆಗೆದು ಮುಂದಿಡುತ್ತಾರೆ, ನಾವು ಸುಮ್ಮನಾಗುತ್ತೇವೆ.

ಕ್ರಮಕ್ಕೆ ಇನ್ನೊಂದು ಶತ್ರು ಪಂಚಾಂಗ. ಈಗಿನ ನಿಯಮದಲ್ಲಿ ಜೂನ್ 30ರ ಸಂಜೆ ಆರಕ್ಕೆ ಬೇರೆ ತಂಡಗಳ ಆಟಗಾರರೊಂದಿಗೆ ಮಾತುಕತೆ ತೆರೆಯುತ್ತದೆ, ಬಹುತೇಕ ಸಹಿಗಳು ಮಾತ್ರ ಜುಲೈ 6ರ ಮಧ್ಯಾಹ್ನದ ತನಕ ಬೀಳುವಂತಿಲ್ಲ. ನಡುವಿನ ದಿನಗಳಲ್ಲಿ ಇರುವುದು ಬರೀ ಬಾಯಿಮಾತು. ಆ ಮಾತನ್ನು ನಂಬಿಕೊಂಡೇ ಮುಂದಿನ ಹೆಜ್ಜೆ ಇಡಬೇಕು. 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್‌ಗೆ ಡಿಆಂಡ್ರೆ ಜೋರ್ಡನ್ ಬರುತ್ತೇನೆ ಎಂದರು. ಡಲ್ಲಾಸ್‌ನ ಎತ್ತರದ ಆಟಗಾರ ಟೈಸನ್ ಚಾಂಡ್ಲರ್ ಅಷ್ಟರಲ್ಲಿ ಫೀನಿಕ್ಸ್ ಪಾಲಾಗಿದ್ದರು. ಸಹಿಯ ದಿನ ಹತ್ತಿರವಾದಾಗ ಜೋರ್ಡನ್ ಮನಸ್ಸು ಬದಲಾಯಿತು. ಹಳೆಯ ತಂಡವಾದ ಕ್ಲಿಪ್ಪರ್ಸ್‌ನವರು ಹ್ಯೂಸ್ಟನ್‌ನ ಅವರ ಮನೆಗೇ ಬಂದು ಕುಳಿತರು. ಬಾಗಿಲಿಗೆ ಕುರ್ಚಿ ಅಡ್ಡವಿಟ್ಟ ಚಿತ್ರವನ್ನು ಕ್ಲಿಪ್ಪರ್ಸ್ ಆಟಗಾರ ಬ್ಲೇಕ್ ಗ್ರಿಫಿನ್ ಟ್ವಿಟರ್‌ನಲ್ಲಿ ಹಾಕಿ ಜಗತ್ತನ್ನೇ ನಗಿಸಿದರು. ಡಲ್ಲಾಸ್ ಕಚೇರಿಯಲ್ಲಿ ಲೆಕ್ಕ ಹಾಕುತ್ತಿದ್ದವರು ನಕ್ಕಿರಲಾರರು. ಜಾಗವೇನೋ ಮರಳಿ ಸಿಕ್ಕಿತು, ಆದರೆ ಆ ಜಾಗದಲ್ಲಿ ಕೂರಿಸಬಹುದಾದ ಬಹುತೇಕರು ಅಷ್ಟರಲ್ಲಿ ಬೇರೆಡೆ ಮಾತು ಕೊಟ್ಟಾಗಿತ್ತು. ಅದೇ ಹಣದ ಒಂದು ಪಾಲು, ಡಲ್ಲಾಸ್‌ಗೆ ಬರಲು ಆಗಲೇ ಒಪ್ಪಿದ್ದ ವೆಸ್ಲಿ ಮ್ಯಾಥ್ಯೂಸ್ ಅವರ ಒಪ್ಪಂದಕ್ಕೆ ಹೋಗಿ, 5.7 ಕೋಟಿ ಇದ್ದದ್ದು 7 ಕೋಟಿಯಾಯಿತು.

ಗೆಳೆಯರಿಗೆ ತಿಳಿಸಿ ಹೇಳಲು ಅತಿ ಕಷ್ಟವಾದದ್ದು ಇದು: ಆಟಗಾರ ಹೋದರೆ ಅವನ ಸಂಬಳ ಉಳಿಯುವುದಿಲ್ಲ. ಮಿತಿಗಿಂತ ಬಹಳ ಮೇಲಿರುವ ತಂಡದಿಂದ ಒಬ್ಬ ಹೊರನಡೆದರೆ, ಅವನಿಗೆ ಕೊಡಬಹುದಾಗಿದ್ದ ಹಣವನ್ನು ಬೇರೆಯವನಿಗೆ ಕೊಡುವ ಹಕ್ಕು ತಂಡಕ್ಕೆ ಬರುವುದಿಲ್ಲ. ಜೇಲನ್ ಬ್ರನ್ಸನ್ ಅವರ ಕಥೆ ಅದೇ. 2021–22ರ ಹೊತ್ತಿಗೆ ನಾಲ್ಕು ವರ್ಷಕ್ಕೆ ಸುಮಾರು 5.5 ಕೋಟಿಗೆ ಅವರ ಒಪ್ಪಂದ ಮುಂದುವರಿಸುವ ಅವಕಾಶ ಡಲ್ಲಾಸ್‌ಗಿತ್ತು. ಆಗಲಿಲ್ಲ. 2022ರ ಬೇಸಿಗೆಯಲ್ಲಿ ಅವರು 10.4 ಕೋಟಿಯ ಒಪ್ಪಂದಕ್ಕೆ ನ್ಯೂಯಾರ್ಕ್ ನಿಕ್ಸ್ ಸೇರಿದರು. ಡಲ್ಲಾಸ್ ಉಳಿಸಿಕೊಂಡದ್ದು ಬರಿಯ ಶೂನ್ಯ. ಆ ತೂತು ಮುಚ್ಚಲು ಮುಂದಿನ ಫೆಬ್ರವರಿಯಲ್ಲಿ ಇಬ್ಬರು ಆಟಗಾರರನ್ನೂ 2029ರ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕನ್ನೂ (ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕು) ಕೊಟ್ಟು ಕೈರಿ ಇರ್ವಿಂಗ್ ಅವರನ್ನು ತರಬೇಕಾಯಿತು. ಬ್ರನ್ಸನ್ ಅಷ್ಟು ಹಣಕ್ಕೆ ತಕ್ಕವರೇ ಎಂದು ಆಗ ನಡೆದ ಚರ್ಚೆಯೆಲ್ಲ ನನ್ನ ಪ್ರಕಾರ ತಪ್ಪು ಪ್ರಶ್ನೆಯ ಸುತ್ತ ನಡೆಯಿತು. ಅವರಿಲ್ಲದಿದ್ದರೆ ಅದೇ ದಾರಿಯಲ್ಲಿ ಇನ್ನಾರನ್ನು ತರಬಹುದು? ಯಾರನ್ನೂ ಅಲ್ಲ. ಹಾಗಿರುವಾಗ ತೂಗಬೇಕಾದದ್ದು ಒಬ್ಬ ಆಟಗಾರನನ್ನು ಇನ್ನೊಬ್ಬನ ಎದುರು ಅಲ್ಲ, ಖಾಲಿ ಕುರ್ಚಿಯ ಎದುರು.

ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಹೊಸ ಒಪ್ಪಂದ ಬಂದ ಮೇಲೆ ನನ್ನ ಕೆಲಸ ಇನ್ನಷ್ಟು ಬಿಗಿಯಾಯಿತು. ಮಿತಿಯ ಮೇಲೆ ಏಪ್ರನ್ ಎಂಬ ಎರಡು ಗೆರೆಗಳಿವೆ. 2025–26ಕ್ಕೆ ಮೊದಲನೆಯದು 19.59 ಕೋಟಿ, ಎರಡನೆಯದು 20.78 ಕೋಟಿ. ಮಿತಿ ದಾಟಿದ ತಂಡವೂ ಹೊರಗಿನವರನ್ನು ತರಲು ಇರುವ ಕಿಂಡಿಗಳಲ್ಲೊಂದು ಮಿಡ್‌-ಲೆವೆಲ್ ರಿಯಾಯಿತಿ. ಜುಲೈಯಲ್ಲಿ 1.41 ಕೋಟಿಯ ಆ ರಿಯಾಯಿತಿಯನ್ನು ಪೂರ್ತಿ ಬಳಸಿ ಒಬ್ಬ ಬದಲಿ ಆಟಗಾರನನ್ನು ತಂದಿರಿ ಎಂದುಕೊಳ್ಳಿ. ಅಲ್ಲಿಗೆ ಮೊದಲ ಏಪ್ರನ್ ಆ ವರ್ಷವಿಡೀ ನಿಮಗೆ ಕಲ್ಲಿನ ಗೋಡೆ, ಒಂದು ಡಾಲರ್ ಕೂಡ ದಾಟುವಂತಿಲ್ಲ. ಫೆಬ್ರವರಿಯಲ್ಲಿ ಒಳ್ಳೆಯ ಟ್ರೇಡ್ (ತಂಡಗಳ ನಡುವೆ ಆಟಗಾರರ ವಿನಿಮಯ) ಎದುರಿಗೆ ಬಂದಾಗ ತಡೆಯುವುದು ಜುಲೈಯ ಆ ಸಣ್ಣ ಸಹಿ. ಎರಡನೇ ಏಪ್ರನ್ ದಾಟಿದವರಿಗಂತೂ ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವ ದಾರಿಯೇ ಇಲ್ಲ. ಋತು ಮುಗಿಯುವಾಗಲೂ ಅಲ್ಲೇ ಇದ್ದರೆ ಏಳು ವರ್ಷ ಆಚೆಗಿನ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕು ಬೇರೆ ತಂಡಕ್ಕೆ ಕೊಡಲಾಗದಂತೆ ಹೆಪ್ಪುಗಟ್ಟುತ್ತದೆ. 2024ರಲ್ಲಿ ಪ್ರಶಸ್ತಿ ಗೆದ್ದ ಬಾಸ್ಟನ್, ಮರುವರ್ಷದ ಬೇಸಿಗೆಯಲ್ಲೇ ಜ್ರೂ ಹಾಲಿಡೇ ಮತ್ತು ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಅವರನ್ನು ಕಳಿಸಿಕೊಟ್ಟದ್ದರ ಹಿಂದೆ ಈ ಗೆರೆ ಇತ್ತು. ಅವರ ಆಟ ಕೆಟ್ಟಿತ್ತೆಂದು ಯಾರೂ ಹೇಳಲಿಲ್ಲ.

ಹೀಗಾಗಿ ಆಯ್ಕೆಗಳ ಪಟ್ಟಿ ತಯಾರಿಸುವ ರೀತಿಯನ್ನೇ ಬದಲಿಸಿಕೊಂಡಿದ್ದೇನೆ. ಸ್ಕೌಟುಗಳ ಪಟ್ಟಿಯಲ್ಲಿ ಹೆಸರುಗಳು ಮೇಲಿನಿಂದ ಕೆಳಕ್ಕೆ ಶ್ರೇಯಾಂಕದಂತೆ ಇರುತ್ತವೆ, ನನ್ನದರಲ್ಲಿ ಕೊಂಬೆಗಳಂತೆ. ಪ್ರತಿ ಹೆಸರಿನ ಪಕ್ಕದ ಮೊದಲ ಅಂಕಣ ಬೆಲೆಯದಲ್ಲ, ‘ಇದಾದ ಮೇಲೆ ಏನು ಮಾಡಲಾಗದು’ ಎಂಬುದು. ಎರಡನೆಯದು, ಅವರು ಬೇಡವೆಂದರೆ ಆ ಹೊತ್ತಿಗೆ ಇನ್ನೂ ಯಾರು ಉಳಿದಿರುತ್ತಾರೆ ಎಂಬುದು. ಬೆಲೆ ಮೂರನೆಯದು. ತರಬೇತುದಾರರಿಗೆ ಈ ಹಾಳೆ ಇಷ್ಟವಾಗುವುದಿಲ್ಲ. ಅವರು ಹೆಸರು ಕೇಳುತ್ತಾರೆ, ನಾನು ‘ಆದರೆ’ ಎನ್ನುತ್ತೇನೆ. ಹಾಗೆ ಎನ್ನುವುದಕ್ಕೇ ನನಗೆ ಸಂಬಳ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

2025ರ ಜುಲೈಯಲ್ಲಿ ಮಿಲ್ವಾಕಿ ಮಾಡಿದ್ದರ ಬಗ್ಗೆ ನಮ್ಮಲ್ಲಿ ಇನ್ನೂ ವಾದ ಮುಗಿದಿಲ್ಲ. ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡಿದ್ದ ಡೇಮಿಯನ್ ಲಿಲ್ಲರ್ಡ್ ಅವರನ್ನು ಕೈಬಿಟ್ಟು, ಕೊಡಬೇಕಿದ್ದ ಹಣವನ್ನು ಐದು ವರ್ಷಕ್ಕೆ ಹರಡಿ, ತೆರೆದ ಜಾಗದಲ್ಲಿ ಇಂಡಿಯಾನಾದ ಮೈಲ್ಸ್ ಟರ್ನರ್ ಅವರನ್ನು ತಂದರು. ಆಡದ ಆಟಗಾರನ ಹೆಸರಿನಲ್ಲಿ ವರ್ಷಕ್ಕೆ ಸುಮಾರು 2.25 ಕೋಟಿ ಡಾಲರ್ 2029–30ರ ತನಕ ಅವರ ಲೆಕ್ಕದಲ್ಲಿ ಕೂತಿರುತ್ತದೆ. ನನ್ನ ಮೊದಲ ಅಂಕಣ ಆ ಸಾಲಿನಲ್ಲಿ ಪುಟ ಮೀರುತ್ತಿತ್ತು. ಎದುರು ಮೇಜಿನವರು ಹೇಳುವುದು ಬೇರೆ: ಯಾನಿಸ್ ಆಂಟೆಟೊಕೌಂಪೊ ಅಂಥವರು ತಂಡದಲ್ಲಿದ್ದು, ಅವರ ಒಳ್ಳೆಯ ವರ್ಷಗಳು ಕೈಬೆರಳಿಗೆ ಸಿಗುವಷ್ಟೇ ಉಳಿದಿರುವಾಗ, 2029ರ ಚಿಂತೆ ಮಾಡುವವರು ಅಲ್ಲಿ ಯಾರು? ನಾನಾಗಿದ್ದರೆ ಬೇಡ ಎನ್ನುತ್ತಿದ್ದೆ. ನನ್ನ ಮಾತನ್ನು ಬದಿಗೆ ಸರಿಸಿ ಅವರು ಅದನ್ನೇ ಮಾಡುತ್ತಿದ್ದರು ಎಂಬುದೂ ಗೊತ್ತು.