ನೈಲಾನ್ ನೀರು ಕುಡಿಯುತ್ತೆ ಸಾರ್

ಸೋಮವಾರ ನಾನು ಶೆಡ್ಡಿನ ಷಟರ್ ಎತ್ತುವ ಮೊದಲೇ ಗಿರಾಕಿಯೊಬ್ಬರು ಬಂದು ನಿಂತಿದ್ದರು. ಗೋಣಿಚೀಲವನ್ನು ಬೆಂಚಿನ ಮೇಲೆ ಬೋರಲು ಹಾಕಿದರು. ನಾವೇ ಲೇತ್‌ನಲ್ಲಿ ಟರ್ನಿಂಗ್ ಮಾಡಿ ಕೊಟ್ಟ ಬಿಳಿ ನೈಲಾನ್ ಬುಶ್‌ಗಳು, ಶಾಫ್ಟ್ ತಿರುಗಲು ಒಳಗೆ ಕೂರುವ ಬಳೆಗಳು.

"ಹನ್ನೆರಡರಲ್ಲಿ ಒಂಬತ್ತು ಹಿಡ್ಕೊಂಡ್ವು. ಸುತ್ತಿಗೆ ತಗೊಂಡು ಹೊಡೆದು ತೆಗೆದಿದ್ದು."

ಹಾಲಿನ ಕ್ಯಾನ್ ತೊಳೆಯುವ ಯಂತ್ರದ ರೋಲರ್‌ಗೆ ಹಾಕಿದ್ದವು. ದಿನವಿಡೀ ಬಿಸಿನೀರು, ಕಾಸ್ಟಿಕ್ ನೀರು. ಶಾಫ್ಟ್ 25 ಮಿ.ಮೀ., ನಾನು ಬುಶ್‌ನ ಒಳತೂತು, ಅಂದರೆ ಬೋರ್, ಇಟ್ಟಿದ್ದು 25.15. ಈಗ ಅಳೆದರೆ 24.86. ಹೊರಗಡೆ ಉಕ್ಕಿನ ಗೂಡು (ಹೌಸಿಂಗ್) ಬಿಗಿಯಾಗಿ ಹಿಡಿದಿದೆ, ಉಬ್ಬಿದ್ದೆಲ್ಲ ಒಳಕ್ಕೇ ಬರಬೇಕಲ್ಲ.

ಎರಡು ತಿಂಗಳ ಹಿಂದೆ ರಾಡನ್ನು ಚಕ್‌ಗೆ ಕಟ್ಟುತ್ತಾ ನಮ್ಮ ಮೇಸ್ತ್ರಿ ಅಂದಿದ್ದರು: "ನೀರಿನ ಕೆಲಸ ಅಲ್ವಾ? ನೈಲಾನ್ ನೀರು ಕುಡಿಯುತ್ತೆ ಸಾರ್." ನಾನು ಫೋನಿನಲ್ಲಿದ್ದೆ. ನಡೀಲಿ ಅನ್ನುವಂತೆ ಕೈ ಬೀಸಿದ್ದೆ.

ಗೊತ್ತಿರಲಿಲ್ಲ ಎನ್ನುವಂತಿಲ್ಲ. ನೈಲಾನ್ 6 ನೀರಿನಲ್ಲೇ ಬಿದ್ದಿದ್ದರೆ ತನ್ನ ತೂಕದ ಶೇ. 8-9ರಷ್ಟು ನೀರು ಹೀರುತ್ತದೆ, ಅಸಿಟಾಲ್ ಎಂಬ ಇನ್ನೊಂದು ಬಿಳಿ ಪ್ಲಾಸ್ಟಿಕ್ ಶೇ. 1ನ್ನೂ ಮುಟ್ಟುವುದಿಲ್ಲ. ಆದರೆ ಈ ಗಿರಾಕಿ ಪ್ರತಿ ಬುಶ್‌ಗೆ ಮೂರು ರೂಪಾಯಿ ಇಳಿಸಲು ಅರ್ಧ ಗಂಟೆ ಕೂರುವ ಆಸಾಮಿ. "ಬಿಳೀದು ಬಿಳೀದೇ ಅಲ್ವಾ?" ಅಂದಿದ್ದರು. ಕೆಟ್ಟವರಲ್ಲ, ಬಿಲ್ಲಿನ ದುಡ್ಡು ಹೇಳಿದ ದಿನಕ್ಕೆ ಕೊಡುತ್ತಾರೆ. ನನಗೂ ಸ್ಟ್ಯಾಂಡಿನಲ್ಲಿ ನೈಲಾನ್ ರಾಡ್ ಉಳಿದಿತ್ತು. ಅದನ್ನು ಅವರ ಮುಂದೆ ಹೇಳಲಿಲ್ಲ.

ಆ ರಾತ್ರಿ ಎರಡೂ ಮಾಲಿನ 40 ಮಿ.ಮೀ. ಬಿಲ್ಲೆಗಳನ್ನು ಮನೆಗೆ ತಂದು ಹಳೇ ಪಾತ್ರೆಯಲ್ಲಿ ನಾಲ್ಕು ಗಂಟೆ ಕುದಿಸಿದೆ. "ಇದೇನ್ರೀ, ಸಾರಿಗಾ?" ಎಂದಳು ಹೆಂಡತಿ. ಆರಿದ ಮೇಲೆ ಮೈಕ್ರೋಮೀಟರ್ ಹಿಡಿದೆ. ನೈಲಾನ್ 40.24. ಅಸಿಟಾಲ್ 40.05. ಓದಿದ್ದು ಒಂದು, ಕೈಯಲ್ಲಿ ಉಬ್ಬಿದ್ದನ್ನು ನೋಡಿದ್ದು ಇನ್ನೊಂದು.

ನೈಲಾನ್ ಮೇಲೆ ಸಿಟ್ಟಿಲ್ಲ. ಧೂಳಿನಲ್ಲಿ ಏಟು ತಿನ್ನುವ ಪುಲ್ಲಿಗೆ ನಾನು ಈಗಲೂ ಅದನ್ನೇ ಹಾಕುತ್ತೇನೆ. ಅದು ಕುಡಿದ ಚೂರು ನೀರೇ ಅದಕ್ಕೆ ಏಟು ತಾಳುವ ಗುಣ, ಒಣಗಿದ ನೈಲಾನ್ ಪಟಕ್ಕನೆ ಸೀಳುತ್ತದೆ. ಟೆಫ್ಲಾನ್ ಹಾಕಿ ಎಂದೂ ಕೆಲವರು ಬರುತ್ತಾರೆ. ಜಾರುತ್ತದೆ ನಿಜ, ಭಾರ ಬಿದ್ದ ಕಡೆ ಮೆಲ್ಲಗೆ ಅಮುಕಿ ಹರಡಿಕೊಳ್ಳುತ್ತದೆ.

ಹೊಸ ಬುಶ್‌ಗೆ ತರಿಸಿದ್ದು ಅಸಿಟಾಲಿನಲ್ಲೇ ಕೋಪಾಲಿಮರ್ ಅನ್ನುವ ಬಗೆ. ಪೇಟೆಯಲ್ಲಿ ಎಲ್ಲ ಅಸಿಟಾಲನ್ನೂ ಡೆಲ್ರಿನ್ ಅನ್ನುತ್ತಾರೆ, ಆದರೆ ಡುಪಾಂಟ್ ಕಂಪನಿ ಆ ಹೆಸರಿಟ್ಟಿದ್ದು ಹೋಮೋಪಾಲಿಮರ್ ಅನ್ನುವ ಇನ್ನೊಂದು ಬಗೆಗೆ. ಬಿಸಿ ಕಾಸ್ಟಿಕ್‌ಗೆ ಹೋಮೋಪಾಲಿಮರ್ ತಾಳುವುದಿಲ್ಲ. ಅಂಗಡಿಯವನಿಗೆ ಇದನ್ನು ಮೂರು ಸಲ ಹೇಳಬೇಕಾಯಿತು. ಬಿಸಿಗೆ ಈ ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುವುದರಿಂದ ಬೋರನ್ನು 25.25ಕ್ಕೆ ಏರಿಸಿದೆ. ಖರ್ಚು ನನ್ನದೇ.

ಗುರುವಾರ ಮೇಸ್ತ್ರಿ ಆ ರಾಡನ್ನು ಕಟ್ಟಿದರು. ನೈಲಾನಿನಂತೆ ಟೂಲಿಗೆ ಉದ್ದುದ್ದ ದಾರ ಸುತ್ತಿಕೊಳ್ಳಲಿಲ್ಲ, ಚೂರು ಚೂರಾಗಿ ಉದುರುತ್ತಿತ್ತು. ಪಕ್ಕದಲ್ಲಿ ನಿಂತು ಕೇಳಿದೆ: "ಅವತ್ತು ಇನ್ನೊಂದು ಸಲ ಜೋರಾಗಿ ಹೇಳಬಾರದಿತ್ತಾ ಮೇಸ್ತ್ರಿ?"

ಟೂಲಿನಿಂದ ಕಣ್ಣು ತೆಗೆಯಲಿಲ್ಲ ಅವರು. "ನೀವು ಕೈ ಬೀಸಿದ್ರಲ್ಲ ಸಾರ್."