ಉಜ್ಜೀವನ ಕೂಟದ ಕೊನೆಯ ರಾತ್ರಿ

ಹೋದ ವರ್ಷ ಧಾರವಾಡದಲ್ಲಿ ಮೂರು ದಿನದ ಉಜ್ಜೀವನ ಕೂಟ, ಅಂದರೆ ಕ್ರೈಸ್ತರ ನಂಬಿಕೆ ಚಿಗುರಿಸುವ ಸಭೆ, ಇತ್ತು. ಅವ್ವನ ಜೊತೆ ನಾನೂ ಹೋಗಿದ್ದೆ. ಕೊನೆಯ ರಾತ್ರಿ ಬೋಧಕರು ಬೈಬಲಿನ ಎರಡನೇ ಥೆಸಲೋನಿಕದ, ಅಂದರೆ ಥೆಸಲೋನಿಕ ಊರಿನ ಸಭೆಗೆ ಬರೆದ ಎರಡನೇ ಪತ್ರದ, ಎರಡನೇ ಅಧ್ಯಾಯ ತೆಗೆದರು. ಕರ್ತನ ಬರೋಣಕ್ಕೆ, ಅಂದರೆ ಯೇಸು ಮತ್ತೆ ಬರುವುದಕ್ಕೆ, ಮೊದಲು ಜನ ನಂಬಿಕೆ ಬಿಡುವ ಮತಭ್ರಷ್ಟತೆ ಉಂಟಾಗಬೇಕು, ಅದು ಶುರುವಾಗಿಬಿಟ್ಟಿದೆ ಎಂದರು. "ನಿಮ್ಮ ಮನೆಯಲ್ಲೇ ನೋಡ್ಕೊಳ್ಳಿ. ಆರಾಧನೆ ಬಿಟ್ಟವರು ಯಾರಿದ್ದಾರೆ?"

ಅವ್ವ ತಲೆ ಮೇಲಿನ ಸೆರಗು ಇನ್ನಷ್ಟು ಎಳೆದುಕೊಂಡಳು.

ನನ್ನ ತಮ್ಮ ಚರ್ಚಿಗೆ ಹೋಗುವುದು ಬಿಟ್ಟು ನಾಲ್ಕು ವರ್ಷ. ಜಗಳ ಏನಿಲ್ಲ. "ನಂಬಿಕೆ ಬರವಲ್ದು" ಅಂದಿದ್ದ, ಅಷ್ಟೇ.

ಆಟೋದಲ್ಲಿ ಅವ್ವ ಕೇಳಿದಳು, "ಅವ್ರು ಹೇಳಿದ್ದು ನಮ್ಮ ಹುಡುಗನ ಬಗ್ಗೆನ, ಹೌದಿಲ್ಲೋ?"

ಮನೆಗೆ ಬಂದವನೇ ಅದೇ ಅಧ್ಯಾಯ ತೆಗೆದೆ. ಬೋಧಕರು ಮೂರನೇ ವಚನದಿಂದ ಓದಿದ್ದರು. ಮೊದಲ ಎರಡು ವಚನ ಬಿಟ್ಟಿದ್ದರು. ಕರ್ತನ ದಿನ ಬಂದೇಬಿಟ್ಟಿದೆ ಎಂದು ಯಾರೋ ಥೆಸಲೋನಿಕದವರನ್ನು ಹೆದರಿಸಿದ್ದರು. ಗಾಬರಿಯಾಗಬೇಡಿ, ಮೊದಲು ಆಗಬೇಕಾದದ್ದು ಇನ್ನೂ ಇದೆ ಎನ್ನುತ್ತದೆ ಪತ್ರ. ಹೆದರಿದವರನ್ನು ಸಮಾಧಾನ ಮಾಡಲು ಬರೆದ ಮಾತು ಅದು! ಮತಭ್ರಷ್ಟರು ಯಾರು ಅಂತ ಹೆಸರು ಹೇಳಿಲ್ಲ. ಹಾಗಾಗಿ ಒಬ್ಬೊಬ್ಬರು ಒಬ್ಬೊಬ್ಬರ ಕಡೆ ಬೆರಳು ತೋರಿಸಿದ್ದಾರೆ. ಪೋಪರ ಸಭೆಯಿಂದ ಬೇರೆಯಾದ ಸುಧಾರಕ ಲೂಥರನ ಕಡೆಯವರು ಪೋಪರನ್ನೇ ತೋರಿಸಿದರು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಬೋಧಕನ ಹಿಂಬಾಲಕರು 1844ರ ಅಕ್ಟೋಬರ್ 22ಕ್ಕೆ ಕರ್ತನು ಬರುತ್ತಾನೆಂದು ಕಾದರು. ಅವರಲ್ಲಿ ಹಲವರಿಗೆ, ತಮ್ಮನ್ನು ಒಪ್ಪದ ಸಭೆಗಳೆಲ್ಲ ಬಿದ್ದುಹೋದ ಬಾಬೆಲ್, ಅಂದರೆ ಬೈಬಲಿನ ಕೊನೆಯ ಪುಸ್ತಕದಲ್ಲಿ ಬರುವ ದುಷ್ಟ ನಗರಿ. 23ನೇ ತಾರೀಕು ಎಂದಿನಂತೆ ಬೆಳಗಾಯಿತು.

ಇದನ್ನೆಲ್ಲ ಅವ್ವನಿಗೆ ಉತ್ಸಾಹದಿಂದ ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆ ಅನ್ನಿ. ಪೂರ್ತಿ ಕೇಳಿ ಅವಳು ಕೇಳಿದ್ದು ಒಂದೇ: "ಹಂಗಾದ್ರ ಇಬ್ರಿಯ ಆರು?"

ಬೆಳಕು ಕಂಡಮೇಲೆ ಬಿದ್ದುಹೋದವರನ್ನು ತಿರುಗಿ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯ ಎನ್ನುವ ವಚನ ಇರುವುದು ಅಲ್ಲೇ, ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ. ಅವ್ವ ಓದಿದ್ದು ಏಳನೇ ಇಯತ್ತೆ. ಬೈಬಲ್ ಮಾತ್ರ ನನಗಿಂತ ಚೆನ್ನಾಗಿ ಗೊತ್ತು. ನಾನು ಸುಮ್ನೆ ಕೂತೆ. ಪಂಡಿತರು ಏನೇನೋ ಅರ್ಥ ಹೇಳುತ್ತಾರೆ, ನಿಜ. ಆದರೆ ರಾತ್ರಿ ಹತ್ತು ಗಂಟೆಗೆ ತಾಯಿಗೆ ಹೇಳುವಂಥ ಉತ್ತರ ನನ್ನ ಹತ್ತಿರ ಇರಲಿಲ್ಲ.

ಅಷ್ಟರಲ್ಲಿ ತಮ್ಮ ಡ್ಯೂಟಿ ಮುಗಿಸಿ ಬಂದ. "ಹೆಂಗಿತ್ತು ಕೂಟ?" ಅಂದ. "ಛಲೋ ಇತ್ತು" ಅಂದಳು ಅವ್ವ, ರೊಟ್ಟಿ ಬಡಿಸುತ್ತಾ. ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದಳು. ಅವತ್ತು ಬಹಳ ಉದ್ದ ಆಯಿತು.

ನಾನು ಒಂದು ಕಣ್ಣು ತೆರೆದು ನೋಡಿದೆ. ತಮ್ಮ ಕಣ್ಣು ಮುಚ್ಚಿರಲಿಲ್ಲ. ಆದರೆ ಅವ್ವ ಆಮೆನ್ ಅನ್ನುವ ತನಕ ರೊಟ್ಟಿ ಮುಟ್ಟಲೂ ಇಲ್ಲ.