ನಮ್ಮ ಕ್ಲಾಸಿನ ಮಾಡು

ನಾನು ಮಂಗಳೂರಿನ ಬೆಂಗ್ರೆಯ ಹುಡುಗ. ಬಂದರಿನ ಶಾಲೆಗೆ ಬರಬೇಕಾದರೆ ಹೊಳೆ ದಾಟಬೇಕು. ಫೆರಿಯಲ್ಲಿ ಒಂದು ಕಡೆ ನಾವು ಬ್ಯಾಗಿನವರು, ಇನ್ನೊಂದು ಕಡೆ ಮೀನಿನ ದಕ್ಕೆಗೆ ಹೊರಟ ಬುಟ್ಟಿಯವರು. ಬಿಳಿ ಅಂಗಿಗೆ ಮೀನಿನ ನೀರು ತಾಗದ ಹಾಗೆ ನಿಲ್ಲುವುದೇ ಒಂದು ವಿದ್ಯೆ. ಅದರಲ್ಲಿ ನಾನು ಕೊನೆಯವರೆಗೂ ಫೇಲು.

ತಡವಾದರೆ "ಫೆರಿ ಲೇಟ್ ಸರ್" ಅನ್ನುತ್ತಿದ್ದೆವು. ಲೇಟಾಗದ ದಿನವೂ ಅದನ್ನೇ ಹೇಳುತ್ತಿದ್ದೆವು. ಸಮಾಜ ಪಾಠದ ಮಾಸ್ಟ್ರು ತಲೆಯಾಡಿಸಿ ಒಳಗೆ ಬಿಡುತ್ತಿದ್ದರು. ಅವರು ನಿಲ್ಲುತ್ತಿದ್ದ ಜಗಲಿಯಿಂದ ಹೊಳೆ, ಫೆರಿ ಎಲ್ಲ ಕಾಣುತ್ತದೆ ಎಂದು ನಮಗೆ ಹೊಳೆಯುವಾಗ ಎಸ್ಸೆಸ್ಸೆಲ್ಸಿ ಮುಗಿದಿತ್ತು.

ಎಂಟನೇ ಕ್ಲಾಸಿನಲ್ಲಿ ನನ್ನದು ಹಿಂದಿನ ಬೆಂಚು. ಬೋರಾದರೆ ಮೇಲೆ ನೋಡುವುದು ಅಭ್ಯಾಸ. ಮಾಡಿನ ಮರದ ಪಕ್ಕಾಸು, ರೀಪು, ಅದರ ಮೇಲೆ ಹಂಚು. ಹಂಚಿನ ಅಡಿಯಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳು. ನನ್ನ ಜಾಗದಿಂದ ಎಲ್ಲವೂ ತಲೆಕೆಳಗು. ಕತ್ತು ತಿರುಗಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ.

"ಎಂತ ಮಾರಾಯ, ಉತ್ತರ ಮಾಡಿನಲ್ಲಿ ಉಂಟಾ?"

"ಇಲ್ಲ ಸರ್, ಹೆಸರು ಉಂಟು" ಅಂದೆ. ಕ್ಲಾಸು ನಕ್ಕಿತು. ಬೈಗುಳಕ್ಕೆ ಕಾದೆ, ಬರಲಿಲ್ಲ. ಮಾಸ್ಟ್ರು ಕೈಯಲ್ಲಿದ್ದ ಪುಸ್ತಕ ಮುಚ್ಚಿ ಅವರೂ ಮೇಲೆ ನೋಡಿದರು. "ಎಲ್ಲ ಹಂಚಿನಲ್ಲೂ ಒಂದೇ ಹೆಸರಾ? ನೋಡಿ ಹೇಳಿ."

ಐವತ್ತು ಮಕ್ಕಳ ಕತ್ತು ಮೇಲೆ ಹೋಯಿತು. ಒಂದೇ ಅಲ್ಲ, ಎರಡು ಹೆಸರಿತ್ತು. ಜಾಸ್ತಿ ಹಂಚಿನಲ್ಲಿ ಬಾಸೆಲ್ ಮಿಷನ್, 1865. ಕಿಟಕಿ ಕಡೆಯ ಒಂದಷ್ಟು ಹಂಚಿನಲ್ಲಿ ಕಾಮನ್‌ವೆಲ್ತ್.

ಆವತ್ತು ನಮಗೆ ಪಾಠವಾದದ್ದು ಮೊದಲ ಮಹಾಯುದ್ಧ. ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿಗಳ ಸಂಸ್ಥೆ, ಆದರೆ ಇಲ್ಲಿಗೆ ಬಂದವರಲ್ಲಿ ಜರ್ಮನರೇ ಜಾಸ್ತಿ. 1865ರಲ್ಲಿ ಇಲ್ಲೇ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದವರು ಅವರು. ಯುದ್ಧ ಬಂತು. ಬ್ರಿಟಿಷ್ ಸರಕಾರಕ್ಕೆ ಜರ್ಮನರು ಶತ್ರುಗಳಾದರು. ಕಾರ್ಖಾನೆಗಳು ಮಿಷನ್ನಿನ ಕೈ ತಪ್ಪಿ ಕೊನೆಗೆ ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. "ಕಿಟಕಿ ಕಡೆಯ ಮಾಡು ಯುದ್ಧ ಆದ ಮೇಲೆ ರಿಪೇರಿ ಆದದ್ದು. ಯಾವ ಪುಸ್ತಕದಲ್ಲೂ ಬರೆದಿಲ್ಲ, ನೀವೇ ಈಗ ಓದಿದಿರಿ" ಅಂದರು. ಯುರೋಪಿನ ಯುದ್ಧ ನಮ್ಮ ತಲೆಯ ಮೇಲೆ ಕೂತಿದೆ ಅಂದರೆ ಹದಿಮೂರು ವರ್ಷದವನಿಗೆ ಹೇಗಾಗಬೇಡ!

ಆಮೇಲೆ ಜಗಲಿಗೆ ಕರೆದುಕೊಂಡು ಹೋದರು. ಈ ಹೊಳೆ ಪುಸ್ತಕದಲ್ಲಿ ಫಲ್ಗುಣಿ, ನಮಗೆ ಗುರುಪುರ ಹೊಳೆ. ಅತ್ತ ನೇತ್ರಾವತಿ. ಎರಡೂ ಕೂಡಿ ಅಳಿವೆ ಬಾಗಿಲಿನಲ್ಲಿ ಕಡಲು ಸೇರುತ್ತವೆ. ಹಂಚಿನ ಮಣ್ಣು ಈ ಹೊಳೆಗಳ ದಡದ್ದೇ. ಹದ ಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವುದು. ಒಂದಕ್ಕೊಂದು ಕಚ್ಚಿಕೊಳ್ಳುವ ಹಾಗೆ ಅಂಚಿನಲ್ಲಿ ತೋಡಿನಂಥ ಗೀರು ಇರುವುದರಿಂದ ನಮ್ಮ ಜಡಿಮಳೆಗೂ ಅದು ಸೋರುವುದಿಲ್ಲ. (ನಮ್ಮ ಕ್ಲಾಸು ಸೋರುತ್ತಿತ್ತು. ಅದು ಹಂಚಿನ ತಪ್ಪಲ್ಲ, ನಮ್ಮ ಕ್ರಿಕೆಟ್ ಚೆಂಡಿನದ್ದು.) ಇದೇ ಬಂದರಿನಿಂದ ಹಂಚು ಹಡಗು ಹತ್ತಿ ದೂರದೂರಿಗೆ ಹೋಯಿತು. ನಾವು ನೋಡುವ ಕಾಲಕ್ಕೆ ದೊಡ್ಡ ಹಡಗುಗಳೆಲ್ಲ ಪಣಂಬೂರಿನ ಹೊಸ ಬಂದರಿಗೆ. ಇಲ್ಲಿ ಉಳಿದದ್ದು ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ ಒಯ್ಯುವ ಮಂಜಿ ಎಂಬ ಸರಕಿನ ದೋಣಿಗಳು. ಮಳೆಗಾಲದಲ್ಲಿ ಅವಕ್ಕೂ ರಜೆ.

ಇದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದದ್ದನ್ನೂ ಹೇಳಿದರು. ಅದು ಪರೀಕ್ಷೆಗೆ ಬಂತು, ಒಂದು ಮಾರ್ಕು. ಹಂಚು ಬರಲಿಲ್ಲ.

ಮೊನ್ನೆ ಶಾಲೆಗೆ ಹೋಗಿದ್ದೆ. ಎಂಟನೇ ಕ್ಲಾಸಿಗೆ ಈಗ ಸ್ಲ್ಯಾಬು. ಬೇಕಾದದ್ದೇ, ಮಕ್ಕಳು ಒದ್ದೆಯಾಗಬಾರದಲ್ವಾ. ಆದರೆ ಬೆಂಚಿನಲ್ಲಿ ಕೂತು ಮೇಲೆ ನೋಡಿದರೆ ಬರೀ ಫ್ಯಾನು. ಇಳಿಸಿದ ಹಂಚನ್ನು ಬಾವಿಕಟ್ಟೆಯ ಹತ್ತಿರ ಪೇರಿಸಿಟ್ಟಿದ್ದರು. ಒಂದು ಕೇಳಿದೆ. "ಒಂದೆಂತಕ್ಕೆ, ಹತ್ತು ತಗೊಂಡು ಹೋಗಿ" ಅಂದರು ಆಫೀಸಿನವರು. ಪಾಚಿ ಕೆರೆದು ನೋಡಿ, ಕಾಮನ್‌ವೆಲ್ತ್‌ನದ್ದು ಒಂದನ್ನು ಆರಿಸಿಕೊಂಡೆ.

ಹಿಂದೆ ಬರುವಾಗ ಫೆರಿಯಲ್ಲಿ ಹಂಚನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ತುಂಬ ಹೊತ್ತು ನೋಡಿದರು. ಕೊನೆಗೆ ತುಳುವಿನಲ್ಲಿ ಕೇಳಿದರು, "ದಿನಕ್ಕೆ ಒಂದೇ ಹಂಚು ತಂದರೆ ಮನೆ ಯಾವಾಗ ಆಗುವುದು ಮಗಾ?"

ಅಷ್ಟರಲ್ಲಿ ದೋಣಿ ಓಲಾಡಿತು. ಬುಟ್ಟಿಯ ನೀರು ಅಂಗಿಗೆ ತಾಗಿತು.